ಮಾಣಿಕಪ್ಪನ ಎಡಭುಜ

ಷೇರ್ ಆಟೋದಲ್ಲಿ ಪಕ್ಕಕ್ಕೆ ಕೂತಿದ್ದ ಕನ್ನಡಕದವನು ಆ ವಿಡಿಯೊವನ್ನು ಮೂರನೇ ಸಲ ಹಾಕಿದಾಗ ಮಾಣಿಕಪ್ಪನಿಗೆ ಇಲ್ಲೇ ಇಳಿದುಬಿಡೋಣ ಅನ್ನಿಸಿತು. ಇಳಿದರೆ ಹಾಜರಿ ತಪ್ಪುತ್ತಿತ್ತು. ಕೂಕಟ್‌ಪಲ್ಲಿಯಿಂದ ಜೀಡಿಮೆಟ್ಲಾಕ್ಕೆ ಆ ಹೊತ್ತಿನಲ್ಲಿ ಇನ್ನೊಂದು ಆಟೋ ಸಿಕ್ಕರೂ ಅದರೊಳಗೆ ಇನ್ಯಾರೋ ಅದನ್ನೇ ನೋಡುತ್ತ ಕೂತಿರುತ್ತಿದ್ದರು. ಹನ್ನೆರಡು ದಿನದಿಂದ ಊರಿಗೆ ಬೇರೆ ಕೆಲಸವೇ ಇದ್ದಂತಿರಲಿಲ್ಲ. ಬೇಡವೆಂದರೂ ಕಣ್ಣು ಆ ಕಡೆಗೇ ಹೋಯಿತು. ಬಿಳಿ ಮೈಯ ಯಂತ್ರ, ಮನುಷ್ಯನ ಆಕಾರದ್ದು, ಮುಖದ ಜಾಗದಲ್ಲಿ ಕರಿ ಗಾಜು. ನಡೆದು ಬಂದು ಡ್ರಮ್ಮಿನ ಮುಂದೆ ನಿಲ್ಲುತ್ತದೆ. ಎಡ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಬಲಕ್ಕೆ ವಾಲುತ್ತದೆ, ಡ್ರಮ್ಮನ್ನು ತೊಡೆಯ ಮೇಲಕ್ಕೆ ತಂದು ಅಲ್ಲಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತದೆ, ಆಮೇಲೆ ಸೊಂಟದಿಂದ ಒಂದು ನೂಕು ಕೊಟ್ಟು ಎತ್ತುತ್ತದೆ. ಯಂತ್ರಕ್ಕೆ ಯಾಕೆ ಬೇಕು ಆ ಒಂದು ಗಳಿಗೆ? ಅದಕ್ಕೇನು ದಮ್ಮು ಹತ್ತುತ್ತದೆಯೇ? ಯಾರೋ ಪುಣ್ಯಾತ್ಮ ಆ ಜಾಗಕ್ಕೆ ಸರಿಯಾಗಿ ಮುದುಕನೊಬ್ಬ ಕೆಮ್ಮಿ ನರಳುವ ದನಿ ಸೇರಿಸಿ, ತಾತಯ್ಯ ಎಂದು ಹೆಸರಿಟ್ಟು, ಊರ ಮೇಲೆ ಬಿಟ್ಟಿದ್ದ. ಕನ್ನಡಕದವನು ನಗುತ್ತ ಮಾಣಿಕಪ್ಪನನ್ನು ಮೊಣಕೈಯಿಂದ ತಿವಿದು, ನೋಡಿದಿರಾ ಎಂದು ತೆಲುಗಿನಲ್ಲಿ ಕೇಳಿದ. ಮಾಣಿಕಪ್ಪ ನೋಡಿದೆ ಎಂದ. ಅವನ ಎಡಭುಜ ಆಟೋದ ಕಬ್ಬಿಣದ ಸರಳಿಗೆ ಒತ್ತಿಕೊಂಡು ಹತ್ತಿದಾಗಿನಿಂದ ಉರಿಯುತ್ತಿತ್ತು.

ಎದುರಿಗೆ ಟಿಫಿನ್ ಡಬ್ಬಿ ಹಿಡಿದು ಕೂತಿದ್ದ ಹೆಂಗಸು ಬಗ್ಗಿ ನೋಡಿ 'ಪಾಪಂ' ಎಂದಳು. ಯಂತ್ರಕ್ಕೆ. ಮಾಣಿಕಪ್ಪನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಸಿಟ್ಟು ಏರಿತು. ಹದಿನಾಲ್ಕು ವರ್ಷ ಇದೇ ರಸ್ತೆಯಲ್ಲಿ, ಇಂಥವೇ ಆಟೋಗಳಲ್ಲಿ, ಬಟ್ಟೆಗೆ ಔಷಧದ ಪುಡಿಯ ವಾಸನೆ ಹತ್ತಿಸಿಕೊಂಡು ಓಡಾಡಿದ್ದ. ಆ ವಾಸನೆಗೆ ಜನ ಮೂಗಿಗೆ ಸೆರಗು ಹಿಡಿದು ಸರಿದು ಕೂತಿದ್ದರೇ ಹೊರತು ಪಾಪ ಎಂದವರು ಒಬ್ಬರೂ ಇರಲಿಲ್ಲ. ಆಟೋದಲ್ಲಿ ಮಾತು ಬೆಳೆಯಿತು. ಯಂತ್ರಕ್ಕೂ ಮೈಕೈ ನೋವು ಬಂದ ಮೇಲೆ ನಮ್ಮ ನೌಕರಿಗೇನೂ ಮೋಸವಿಲ್ಲ ಬಿಡಿ ಎಂದ ಒಬ್ಬ. ಇದೆಲ್ಲ ಕಂಪನಿಯವರ ಜಾಹೀರಾತು, ಒಳಗೆ ಮನುಷ್ಯ ಕೂತಿರುತ್ತಾನೆ ಎಂದ ಇನ್ನೊಬ್ಬ. ಒಳಗೆ ಯಾರಿದ್ದರೇನು, ರಜೆ ಕೇಳುವುದಿಲ್ಲವಲ್ಲ ಎಂದು ಡ್ರೈವರು ಹಿಂದಿಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಮಾಣಿಕಪ್ಪನೂ ನಕ್ಕ. ಒಳಗೆ ಕೂತಿರುವ ಮನುಷ್ಯ ನಾನೇ, ಆ ಭುಜ ನನ್ನದು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆಡಿದರೆ ಎಲ್ಲ ಮುಗಿಯುತ್ತಿತ್ತು. ಯಂತ್ರಕ್ಕೆ ಕೆಲಸ ಕಲಿಸಿಕೊಟ್ಟವನೆಂದು ಅವನ ಹೆಸರನ್ನು ಕಾಂಟ್ರಾಕ್ಟರನ ಪಟ್ಟಿಯಿಂದ ತೆಗೆದು ಕಂಪನಿಯ ಖಾಯಂ ಪಟ್ಟಿಗೆ ಸೇರಿಸುವ ಮಾತಾಗಿತ್ತು, ಮೈ ನೆಟ್ಟಗಿದೆಯೆಂದು ಕಾಗದವಾದರೆ. ಎಡಗೈ ಎದೆಮಟ್ಟಕ್ಕಿಂತ ಮೇಲೆ ಏಳದವನ ಮೈಯನ್ನು ಯಾರು ನೆಟ್ಟಗಿದೆ ಎನ್ನುತ್ತಾರೆ?

ಕಲಿಸುವುದೆಂದರೆ ಪಾಠ ಹೇಳುವುದಲ್ಲ. ತಂತಿ ಹೊಲಿದ ಒಂದು ಕೋಟು, ಅಂಥವೇ ಕೈಗವಸು, ಹಣೆಗೆ ಕ್ಯಾಮೆರಾ ಕಟ್ಟಿಕೊಂಡು ದಿನದ ಕೆಲಸವನ್ನೇ ಮಾಡಬೇಕು. ಪುಡಿ ತುಂಬಿದ ಇಪ್ಪತ್ತೈದು ಕಿಲೋ ಡ್ರಮ್ಮುಗಳನ್ನು ಕಪಾಟಿನ ಹಲಗೆಯಿಂದ ಇಳಿಸಿ, ತಂದು, ಮಿಕ್ಸರಿನ ಬಾಯಿಗೆ ಸುರಿಯಬೇಕು. ಕೋಟು ಅದನ್ನೆಲ್ಲ ಬರೆದುಕೊಳ್ಳುತ್ತದೆ, ಯಂತ್ರ ಅದನ್ನು ನೋಡಿ ಕಲಿಯುತ್ತದೆ. ನಾಲ್ಕು ತಿಂಗಳು ಹೀಗೆ. ಇಬ್ಬರನ್ನು ಆರಿಸಿದ್ದರು, ಮಾಣಿಕಪ್ಪ ಮತ್ತು ಹನಮಂತರಾಯ. ಇಬ್ಬರೂ ಕನ್ನಡದವರು, ಮಾಣಿಕಪ್ಪ ಗುರುಮಠಕಲ್ಲಿನವನು, ಹನಮಂತರಾಯ ಸುರಪುರದ ಕಡೆಯವನು, ವಯಸ್ಸಿನಲ್ಲಿ ಹತ್ತು ವರ್ಷ ದೊಡ್ಡವನು. ಆರಿಸಿದ ಇಂಜಿನಿಯರು ಸಮರ್ಥನೂ ಕನ್ನಡದವನೇ; ಅವನ ಅಪ್ಪ ಲಿಂಗಂಪಲ್ಲಿಯ ಹತ್ತಿರದ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಮನೆಮಾತಿನಲ್ಲಿ ಕೆಲಸ ಹೇಳಿದರೆ ಬೇಗ ಮುಗಿಯುತ್ತದೆ ಅನ್ನುವುದಷ್ಟೇ ಅವನ ಲೆಕ್ಕ. ಕೋಟು ಹಾಕುವ ಮೊದಲು ಒಂದು ಸಣ್ಣ ಡಬ್ಬಿಯ ಮೇಲೆ ಹೆಬ್ಬೆರಳು ಒತ್ತಿ ಹೆಸರು ದಾಖಲಿಸಬೇಕಿತ್ತು. ಹನಮಂತರಾಯನ ಹೆಬ್ಬೆರಳನ್ನು ಆ ಡಬ್ಬಿ ಹಿಡಿಯಲಿಲ್ಲ. ಪುಡಿ, ಸೋಡಾ, ಡ್ರಮ್ಮಿನ ಕಬ್ಬಿಣದ ಬಳೆ ಎಲ್ಲ ತಿಕ್ಕಿ ತಿಕ್ಕಿ ಅವನ ಬೆರಳಿನ ಗೆರೆಗಳು ಹೋಗಿ ಎಷ್ಟೋ ಕಾಲವಾಗಿತ್ತು. ಎಣ್ಣೆ ಹಚ್ಚಿ ಒತ್ತಿಸಿದರು, ಒರೆಸಿ ಒತ್ತಿಸಿದರು, ಬೇರೆ ಬೆರಳು ಒತ್ತಿಸಿದರು. ಕಡೆಗೆ ಕಾಂಟ್ರಾಕ್ಟರನ ಕಡೆಯ ಸೂಪರ್‌ವೈಸರ್ ದಿನೇಶ, ಇಬ್ಬರಿಗೂ ಮಾಣಿಕಪ್ಪನದೇ ಒತ್ತಿ ನಡೆಸಿ ಎಂದು ಹಿಂದಿಯಲ್ಲಿ ಬೈದು ಹೋದ. ಹಾಜರಿಯಲ್ಲಿ ಅಂಥದ್ದು ಅವರಿಗೆ ಹೊಸದೇನಲ್ಲ. ನಾಲ್ಕು ತಿಂಗಳ ಎತ್ತುವಿಕೆಯೆಲ್ಲ ಮಾಣಿಕಪ್ಪ ಎಂಬ ಒಂದೇ ಹೆಸರಿನಲ್ಲಿ ಬಿದ್ದಿತು.

ಕಪಾಟಿಗೆ ಮೂರು ಹಲಗೆ. ಮೇಲಿನದು ತಲೆಗಿಂತ ಒಂದು ಗೇಣು ಎತ್ತರ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಆ ಹಲಗೆಯಿಂದ ಡ್ರಮ್ಮು ಜಾರಿ ಮಾಣಿಕಪ್ಪನ ಎಡಭುಜದ ಮೇಲೆ ಬಂದಾಗ ಅಲ್ಲಿ ಹನಮಂತರಾಯನೊಬ್ಬನೇ ಇದ್ದ. ಗಾಯವಿರಲಿಲ್ಲ, ರಕ್ತವಿರಲಿಲ್ಲ, ಏನೋ ಒಳಗೆ ಹರಿದ ಹಾಗಾಗಿತ್ತು ಅಷ್ಟೆ. ಹೇಳಿದರೆ ನಾಳೆಯಿಂದ ಬರಬೇಡ ಅನ್ನುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಮರುದಿನದಿಂದ ಹನಮಂತರಾಯ ಮೇಲಿನ ಹಲಗೆಗೆ ತಾನೇ ಹೋಗತೊಡಗಿದ. ನೀ ಕೆಳಗಿನದು ನೋಡಿಕೋ ಅಂತಲೂ ಹೇಳಲಿಲ್ಲ. ಬಂದ, ಕಾಲು ಅಗಲಿಸಿ ನಿಂತ, ತಲೆ ಒಮ್ಮೆ ಕೆಳಗೆ ಹಾಕಿ ಎತ್ತಿದ, ಡ್ರಮ್ಮು ಇಳಿಸಿದ. ಎರಡು ವರ್ಷ ಹಾಗೇ ನಡೆಯಿತು. ಮಾಣಿಕಪ್ಪ ಒಂದು ದಿನವೂ ಅದರ ಬಗ್ಗೆ ಬಾಯಿ ಬಿಡಲಿಲ್ಲ. ಹನಮಂತರಾಯ ಉದ್ದ ಆಳು, ಉದ್ದ ಇದ್ದವನು ಮೇಲಿನದು ಎತ್ತುತ್ತಾನೆ, ಅದರಲ್ಲೇನಿದೆ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡರೂ ಅವನು ಮೇಲಿನ ಹಲಗೆಗೆ ಕೈ ಹಾಕಿದಾಗಲೆಲ್ಲ ಇವನಿಗೆ ಒಂದು ನಮೂನೆ ಸಿಟ್ಟು ಬರುತ್ತಿತ್ತು. ಡಬ್ಬಿ ಬಿಚ್ಚಿ ಒಟ್ಟಿಗೆ ಉಣ್ಣುವಾಗ ಹನಮಂತರಾಯ ರೊಟ್ಟಿ ಮುಂದೆ ಮಾಡಿದರೆ, ಬ್ಯಾಡ ಹೊಟ್ಟಿ ತುಂಬೈತಿ ಎಂದು ಸುಳ್ಳು ಹೇಳುತ್ತಿದ್ದ. ಯಾಕೆ ಹಾಗೆ ಮಾಡುತ್ತಿದ್ದೆನೆಂದು ಈಗ ಆಟೋದಲ್ಲಿ ಕೂತು ಯೋಚಿಸಿದರೆ ತನ್ನ ಮೇಲೇ ಹೇಸಿಗೆಯಾಯಿತು.

ಹನ್ನೆರಡು ದಿನದ ಹಿಂದೆ ಟೀವಿಯವರನ್ನು ಕರೆಸಿ ಯಂತ್ರವನ್ನು ತೋರಿಸಿದರು. ನಡೆದಾಗ ಚಪ್ಪಾಳೆ, ಬಗ್ಗಿದಾಗ ಚಪ್ಪಾಳೆ. ಡ್ರಮ್ಮು ತೊಡೆಯ ಮೇಲೆ ಬಂದು ಆ ಒಂದು ಗಳಿಗೆ ನಿಂತಾಗ ಹಿಂದಿನ ಸಾಲಿನಲ್ಲಿದ್ದ ಪ್ಯಾಕಿಂಗಿನ ಹೆಂಗಸೊಬ್ಬಳು ಕಿಸಕ್ಕೆಂದಳು, ಆಮೇಲೆ ನಗು ಹೊತ್ತಿಕೊಂಡು ಕ್ಯಾಮೆರಾ ಹಿಡಿದವನೂ ನಕ್ಕ. ಮಾಣಿಕಪ್ಪ ಗೋಡೆಗೆ ಒರಗಿ ನಿಂತಿದ್ದ. ನಡುಬಜಾರಿನಲ್ಲಿ ತನ್ನ ಪಂಚೆ ಬಿಚ್ಚಿದ ಹಾಗಾಯಿತು ಅವನಿಗೆ. ಮರುದಿನ ಸಮರ್ಥ ಅವನನ್ನು ಎಸಿ ಕೋಣೆಗೆ ಕರೆದ. ಕೂಡಿಸಿದ. ಚಹಾ ತರಿಸಿದ. ಪರದೆಯ ಮೇಲೆ ಕಡ್ಡಿಯಂಥ ಒಂದು ಮನುಷ್ಯಾಕೃತಿ ಡ್ರಮ್ಮು ಎತ್ತುತ್ತಿತ್ತು. ಮುಖವಿಲ್ಲ, ಬಟ್ಟೆಯಿಲ್ಲ, ಕೈಕಾಲಿನ ಗೆರೆಗಳಷ್ಟೇ. ಆ ಪ್ರೋಗ್ರಾಮು ಎಲ್ಲರನ್ನೂ ಒಂದೇ ಎತ್ತರ ಮಾಡುತ್ತದೆ ಎಂದು ಸಮರ್ಥ ವಿವರಿಸಿದ. ಪಕ್ಕದಲ್ಲಿ ಇನ್ನೊಂದನ್ನು ತಂದು ನಿಲ್ಲಿಸಿದ. ಒಂದೇ ಎತ್ತರದ ಎರಡು ಕಡ್ಡಿಗಳು. ಒಂದರ ಕೈ ಮೇಲಿನ ಹಲಗೆಗೆ ಹೋಗುತ್ತಿತ್ತು, ಇನ್ನೊಂದರದು ಎದೆಗೆ ಬಂದು ನಿಲ್ಲುತ್ತಿತ್ತು. ಎರಡು ವರ್ಷ ಇವನು ಕಟ್ಟಿಕೊಂಡಿದ್ದ ಉದ್ದದ ಆಳಿನ ನೆಪ ಅಲ್ಲಿಗೇ ಬಿತ್ತು.

"ಮಾಣಿಕಪ್ಪನವರ, ಇಬ್ಬರದೂ ನಿಮ್ಮ ಹೆಸರಿನಾಗ ಕೂಡೇದ," ಎಂದ ಸಮರ್ಥ. "ಈ ಎಡಭುಜ ಎಳಕೊಳ್ಳೋದು ಯಾರದು? ನಿಮ್ಮದೋ, ಹನಮಂತರಾಯರದೋ?"

ಚಹಾ ಬಿಸಿಯಿತ್ತು. ದಿನೇಶ ಬಾಗಿಲಲ್ಲಿ ನಿಂತಿದ್ದ, ಅವನಿಗೆ ಕನ್ನಡ ತಿಳಿಯುತ್ತಿರಲಿಲ್ಲ. ಸಮರ್ಥನ ಮುಖದಲ್ಲಿ ಸಂಶಯವೇನೂ ಇರಲಿಲ್ಲ, ಕೆಟ್ಟ ಬೀಜ ಆರಿಸಿ ತೆಗೆಯುವವರ ಬೇಸರವಷ್ಟೇ ಇತ್ತು. ಯೋಚಿಸಲು ಹೊತ್ತು ಸಿಕ್ಕಿದ್ದರೆ ಬೇರೆ ಏನಾದರೂ ಹೇಳುತ್ತಿದ್ದೆನೇ ಎಂದು ಮಾಣಿಕಪ್ಪ ಆಮೇಲೆ ನೂರು ಸಲ ಕೇಳಿಕೊಂಡಿದ್ದ. ಹೊತ್ತು ಇತ್ತು. ಬೇಕಾದಷ್ಟಿತ್ತು. ಚಹಾ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಅದು ಹನಮಂತರಾಯನದ್ರಿ ಎಂದಿದ್ದ. ಆಮೇಲೆ ಎರಡು ದಿನ ಸಮರ್ಥನ ಪಕ್ಕ ಕೂತು ಒಂದೊಂದೇ ಕಡ್ಡಿಮನುಷ್ಯನನ್ನು ನೋಡಿ ವಿಂಗಡಿಸಿದ. ನೆಟ್ಟಗೆ ಎತ್ತಿದ್ದು ಬಂದಾಗ ಇದು ನನ್ನದು ಎನ್ನುವುದು, ವಾಲಿದ್ದು ಬಂದಾಗ ಇದು ಅವನದು ಎನ್ನುವುದು. ಮೊದಲ ಹತ್ತಿಪ್ಪತ್ತಕ್ಕೆ ನಾಲಿಗೆ ಒಣಗಿತು. ಆಮೇಲೆ ರೂಢಿಯಾಯಿತು. ಒಂದು ಹೊತ್ತಿನಲ್ಲಂತೂ ಆ ಚೆಂದದ ಎತ್ತುವಿಕೆ ನಿಜವಾಗಿ ತನ್ನದೇ ಎನ್ನಿಸಿ, ನೋಡ್ರಿ ಸರ್ ಹೆಂಗ ಎತ್ತೀನಿ ಎಂದೂ ಹೇಳಿಬಿಟ್ಟಿದ್ದ. ಅವನದೆಂದು ತೋರಿಸಿದ್ದನ್ನೆಲ್ಲ ಸಮರ್ಥ ಅಳಿಸಿ ಹಾಕಿದ. ಆ ಶನಿವಾರವೇ ಹನಮಂತರಾಯನನ್ನು ಕೆಲಸದಿಂದ ತೆಗೆದರು. ಹೋಗುವ ಮುನ್ನ ಅವನು ಹೇಳಿ ಹೋಗಲು ಬರುತ್ತಾನೆಂದು ಮಾಣಿಕಪ್ಪ ಹೆದರಿಕೊಂಡು ಕಾದ. ಬರಲಿಲ್ಲ. ಹಿಂದಿನ ಗೇಟಿನಿಂದ ಹೋದನೆಂದು ಯಾರೋ ಅಂದರು.

ನಿನ್ನೆ ಸಂಜೆ ಹೆಂಡತಿ ಯಂಕಮ್ಮ ಬಾಗಿಲಲ್ಲೇ ಚಪ್ಪಲಿ ಬಿಡುತ್ತ ಅವನನ್ನು ಒಂದು ಥರ ನೋಡಿದಳು. ಅವಳು ಅಡಿಗೆ ಮಾಡುವ ಫ್ಲ್ಯಾಟಿನ ಅಹಲ್ಯಾ ಮೇಡಂ ಆ ವಿಡಿಯೊ ತೋರಿಸಿ ನಕ್ಕಿದ್ದರಂತೆ. ಯಂಕಮ್ಮ ನಕ್ಕಿರಲಿಲ್ಲ. ಒಗ್ಗರಣೆ ಹೊತ್ತಿತೆಂದು ಬೈಸಿಕೊಂಡು ಬಂದಿದ್ದಳು. ಉಣ್ಣಲು ಬಡಿಸುವಾಗ ಆ ಮಾತು ತೆಗೆದಳು.

"ಅದು ಡ್ರಮ್ಮ ಎತ್ತೂದು ನೀವು ನೀರಿನ ಕೊಡ ಎತ್ತಿದಂಗ ಐತಿ. ತೊಡಿ ಮ್ಯಾಲ ಇಟಗೊಂಡು ನಿಲ್ಲತೀರಲ್ರಿ, ಹಂಗ. ಆ ಭುಜಕ್ಕ ಏನಾಗೈತಿ?"

ಏನೂ ಆಗಿಲ್ಲ ಎಂದ. ಅಂಗಿ ತೆಗೆಯಿರಿ ನೋಡತೀನಿ ಎಂದಳು. ಎರಡು ವರ್ಷದಿಂದ ಅವನು ಅಂಗಿಯ ಎಡತೋಳನ್ನು ಮೊದಲು ಹಾಕಿಕೊಳ್ಳುತ್ತಿದ್ದ, ಅವಳು ನೋಡದಂತೆ ಗೋಡೆಯ ಕಡೆ ತಿರುಗಿ. ಇಪ್ಪತ್ತು ವರ್ಷ ಬಾಳಿದವಳಿಗೆ ಕಾಣದಿರಲೆಂದು ಮುಚ್ಚಿಟ್ಟದ್ದು ಊರವರಿಗೆಲ್ಲ ತಮಾಷೆಯಾಗಿ, ಆ ತಮಾಷೆಯಿಂದ ಅವಳಿಗೆ ಗೊತ್ತಾಯಿತಲ್ಲ ಎಂದು ಅವನಿಗೆ ತಡೆಯಲಾಗದಷ್ಟು ಸಿಟ್ಟು ಬಂತು. ಕಂಡವರ ಮನೆಯ ಮೊಬೈಲು ನೋಡಿ ಗಂಡನಿಗೆ ರೋಗ ಹಚ್ಚುತ್ತೀಯಾ ಎಂದು ಕೂಗಿದ. ತಾಟು ಸರಿಸಿ ಎದ್ದ. ಅವಳು ತಾಟು ಎತ್ತಿಟ್ಟಳು. ಬೆಳಿಗ್ಗೆ ಅವನ ಡಬ್ಬಿಯ ಪಕ್ಕ ನೋವಿನ ಎಣ್ಣೆಯ ಸಣ್ಣ ಬಾಟಲಿ ಇಟ್ಟಿದ್ದಳು. ಅದನ್ನು ಮುಟ್ಟದೆ ಬಂದಿದ್ದ. ಮುಟ್ಟಿದರೆ ಒಪ್ಪಿಕೊಂಡ ಹಾಗಾಗುತ್ತಿತ್ತು.

ಕಾರ್ಖಾನೆಯಲ್ಲಿ ಅವತ್ತು ನೆಲ ಎರಡು ಸಲ ಒರೆಸಿದ್ದರು, ಯಾರೋ ದೊಡ್ಡವರು ಬರುವ ಲಕ್ಷಣ. ಉಗ್ರಾಣದಲ್ಲಿ ಯಂತ್ರ ಆಗಲೇ ಕೆಲಸಕ್ಕೆ ಹತ್ತಿತ್ತು. ಮಾಣಿಕಪ್ಪ ಈಚೆಗೆ ಅದರ ಕಡೆ ನೋಡುವುದನ್ನು ಆದಷ್ಟು ತಪ್ಪಿಸುತ್ತಿದ್ದ. ಹೊಸದಾಗಿ ಕಲಿಸಿದ ಮೇಲೆ ಅದು ವಾಲುತ್ತಿರಲಿಲ್ಲ, ನಿಲ್ಲುತ್ತಿರಲಿಲ್ಲ. ಬರುತ್ತಿತ್ತು, ಕಾಲು ಅಗಲಿಸಿ ನಿಲ್ಲುತ್ತಿತ್ತು, ತಲೆಯನ್ನು ಒಮ್ಮೆ ಕೆಳಗೆ ಹಾಕಿ ಎತ್ತುತ್ತಿತ್ತು, ಎರಡೂ ಕೈಯನ್ನು ಮೇಲಿನ ಹಲಗೆಗೆ ನೀಡಿ ಡ್ರಮ್ಮು ಇಳಿಸುತ್ತಿತ್ತು. ಹನಮಂತರಾಯ. ಡ್ರಮ್ಮು ನೆಲಕ್ಕಿಟ್ಟ ಮೇಲೆ ಅಂಗೈಗಳನ್ನು ಒಂದಕ್ಕೊಂದು ಎರಡು ಸಲ ಬಡಿದು ಪುಡಿ ಕೊಡವುತ್ತಿದ್ದನಲ್ಲ, ಅದನ್ನೂ ಮಾಡುತ್ತಿತ್ತು, ಅದರ ಕೈಗೆ ಪುಡಿ ಹತ್ತದಿದ್ದರೂ. ಪ್ಯಾಕಿಂಗಿನ ಹೆಂಗಸರು ಮೊದಮೊದಲು ಇದನ್ನು ನೋಡಲು ಬರುತ್ತಿದ್ದರು. ಎಂಟು ಜನರನ್ನು ಮುಂದಿನ ತಿಂಗಳಿನಿಂದ ಬೇಡವೆಂದ ಸುದ್ದಿ ಹಬ್ಬಿದ ಮೇಲೆ ಬರುವುದು ಬಿಟ್ಟಿದ್ದರು. ಹಾದು ಹೋಗುವಾಗ ಒಬ್ಬಿಬ್ಬರು ಮಾಣಿಕಪ್ಪನ ಕಡೆಯೂ ನೋಡದೆ ಹೋಗುತ್ತಿದ್ದರು. ನೋಡಿ ಬೈದಿದ್ದರೆ ಅವನಿಗೆ ಹಿತವಾಗುತ್ತಿತ್ತು.

ಸಮರ್ಥ ಅವಸರದಲ್ಲಿ ಬಂದ. ಹನ್ನೊಂದು ಗಂಟೆಗೆ ಕಂಪನಿಯ ದೊಡ್ಡವರು ಬರುತ್ತಾರೆ, ಹೊಸದಾಗಿ ಇನ್ನೈದು ಯಂತ್ರ ತರಿಸುವುದು ಇವತ್ತೇ ತೀರ್ಮಾನವಾಗುತ್ತದೆ ಎಂದ. ಒಂದು ಚೆಂದದ ಯೋಚನೆ ಮಾಡಿದ್ದೇನೆ ಎಂದೂ ಅಂದ. ಗುರು ಮತ್ತು ಶಿಷ್ಯ, ಅಕ್ಕಪಕ್ಕ ನಿಂತು, ಒಂದೇ ಹೊತ್ತಿಗೆ, ಮೇಲಿನ ಹಲಗೆಯಿಂದ ಒಂದೊಂದು ಡ್ರಮ್ಮು ಇಳಿಸಬೇಕು. ಎರಡರ ಕೈಯೂ ಒಂದೇ ಸಮನೆ ಏಳುವುದನ್ನು ಕಂಡರೆ ಯಾರೂ ಇಲ್ಲವೆನ್ನುವುದಿಲ್ಲ. ಮಾಣಿಕಪ್ಪ ಕೆಳಗಿನ ಹಲಗೆ ಸಾಲದೇ ಸರ್ ಎಂದು ಕೇಳಿದ. ಮೇಲಿನದೇ ಚೆಂದ ಕಾಣುತ್ತದೆ, ನಿಮ್ಮ ಆ ಎತ್ತುವಿಕೆಯೇ ಅಲ್ಲವೇ ಎಲ್ಲಕ್ಕಿಂತ ಚೆನ್ನಾಗಿರುವುದು ಎಂದು ಸಮರ್ಥ ಅವನ ಭುಜ ತಟ್ಟಿದ, ಎಡದ್ದನ್ನೇ. ಕಣ್ಣಿಗೆ ನೀರು ಬಂತು. ಸಮರ್ಥ ಅದನ್ನು ಸಂತೋಷವೆಂದು ತಿಳಿದ. ಅವನು ಹೋದ ಮೇಲೆ ಮಾಣಿಕಪ್ಪ ಕಪಾಟಿನ ಹಿಂದೆ ನಿಂತು ಬರಿಗೈ ಎತ್ತಿ ನೋಡಿದ. ಎದೆಗೆ ಬಂತು. ಬಲಗೈಯಿಂದ ಅದನ್ನು ನೂಕಿದ. ಗದ್ದದವರೆಗೆ ಬಂದು ಒಳಗೆ ಏನೋ ಕಡಿದಂತಾಗಿ ಕೆಳಗೆ ಬಿತ್ತು. ಈಗಲೇ ಹೋಗಿ ಹೇಳಿಬಿಡಲೇ? ಮೈಯಲ್ಲಿ ಜ್ವರವೆನ್ನಲೇ? ಹನಮಂತರಾಯನಿದ್ದಿದ್ದರೆ ಬಂದು ನಿಂತು ಎತ್ತಿಬಿಡುತ್ತಿದ್ದನೆಂದು ಮನಸ್ಸಿಗೆ ಬಂತು, ಬಂದದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದರೂ ಅವನಿರಬೇಕಿತ್ತು ಎಂಬ ಆಸೆ ಹೋಗಲಿಲ್ಲ.

ಬಂದವರು ಒಂಬತ್ತು ಜನ, ಎಲ್ಲರ ತಲೆಗೂ ಕಾಗದದ ಟೋಪಿ. ಸಮರ್ಥ ಇಂಗ್ಲಿಷಿನಲ್ಲಿ ಏನೋ ಹೇಳಿ ಮಾಣಿಕಪ್ಪನ ಕಡೆ ಕೈ ತೋರಿಸಿದ. ಮಾಣಿಕಪ್ಪ ನಮಸ್ಕಾರ ಮಾಡಿದ, ಎಡಗೈ ಬಲಗೈಗೆ ಸಿಗುವಷ್ಟೇ ಎತ್ತಿ. ಯಂತ್ರ ಪಕ್ಕದಲ್ಲಿ ನಿಂತಿತ್ತು, ಹನಮಂತರಾಯ ನಿಲ್ಲುತ್ತಿದ್ದಷ್ಟೇ ದೂರದಲ್ಲಿ. ಗಂಟೆ ಬಾರಿಸಿದರು. ಯಂತ್ರ ತಲೆ ತಗ್ಗಿಸಿ ಎತ್ತಿತು, ಕೈ ನೀಡಿತು. ಮಾಣಿಕಪ್ಪ ಹಲ್ಲು ಕಚ್ಚಿ ಎರಡೂ ಕೈ ಮೇಲಕ್ಕೆಸೆದ. ಬಲಗೈ ಡ್ರಮ್ಮಿನ ಬಳೆಗೆ ಸಿಕ್ಕಿತು, ಎಡಗೈ ಅರ್ಧಕ್ಕೇ ನಿಂತು ನಡುಗಿತು. ಬಲಗೈಯೊಂದರಲ್ಲೇ ಎಳೆದ. ಡ್ರಮ್ಮು ಹಲಗೆಯ ಅಂಚಿನಿಂದ ಜಾರಿ ಮೈಮೇಲೆ ಬಂತು. ಎದೆಯಿಂದ ತಡೆದು, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಬಲಕ್ಕೆ ವಾಲಿ ತೊಡೆಯ ಮೇಲೆ ತಂದುಕೊಂಡ. ಅಲ್ಲಿ ನಿಂತ. ಉಸಿರು ಎಳೆಯಲಾಗಲಿಲ್ಲ, ಕಣ್ಣೆದುರು ಎಲ್ಲ ಬೆಳ್ಳಗಾಯಿತು. ಬಾಯಿಂದ ಒಂದು ನರಳಿಕೆ ತಾನಾಗಿ ಹೊರಬಿತ್ತು. ಆಮೇಲೆ ಕಾಗದದ ಟೋಪಿಯವರಲ್ಲಿ ಒಬ್ಬರು 'ತಾತಯ್ಯ' ಎಂದು ಜೋರಾಗಿ ನಕ್ಕರು. ಎಲ್ಲರೂ ನಕ್ಕರು. ಚಪ್ಪಾಳೆ ತಟ್ಟಿದರು. ಮನುಷ್ಯ ಯಂತ್ರವನ್ನು ಅಣಕಿಸುತ್ತಿದ್ದಾನೆ, ಅದು ಮೊದಲು ಹೇಗೆ ಎತ್ತುತ್ತಿತ್ತೆಂದು ತೋರಿಸುತ್ತಿದ್ದಾನೆ, ಎಂಥ ಕಲಾವಿದ ಎಂದು ಅವರು ತಮ್ಮತಮ್ಮಲ್ಲಿ ಹೇಳಿಕೊಂಡದ್ದನ್ನು ದಿನೇಶ ಆಮೇಲೆ ಹಿಂದಿಯಲ್ಲಿ ಅವನಿಗೆ ತಿಳಿಸಿದ. ಒಬ್ಬರು ಬಂದು ಕೈ ಕುಲುಕಿದರು. ಮಾಣಿಕಪ್ಪನೂ ನಕ್ಕ, ಹಲ್ಲಿನ ಸಂದಿಯಿಂದ. ಪಕ್ಕದಲ್ಲಿ ಯಂತ್ರ ಡ್ರಮ್ಮು ಕೆಳಗಿಟ್ಟು ಅಂಗೈ ಕೊಡವಿಕೊಂಡಿತು.

ಸಮರ್ಥನೊಬ್ಬ ನಗಲಿಲ್ಲ. ಎಲ್ಲರನ್ನೂ ಕಾರಿನವರೆಗೆ ಕಳಿಸಿ ಬಂದು ಮಾಣಿಕಪ್ಪನನ್ನು ಕಪಾಟಿನ ಹಿಂದಕ್ಕೆ ಕರೆದ. ಎಷ್ಟು ದಿನದಿಂದ ಎಂದು ಕೇಳಿದ. ಮಾಣಿಕಪ್ಪ ಎಲ್ಲವನ್ನೂ ಹೇಳಿದ. ಜಾರಿದ ಡ್ರಮ್ಮು, ಮೇಲಿನ ಹಲಗೆ, ಒಂದೇ ಹೆಬ್ಬೆರಳು, ವಿಂಗಡಿಸಿದ ಎರಡು ದಿನ. ಹೇಳುತ್ತ ಹೋದಂತೆ ಎದೆಯ ಮೇಲಿನ ಕಲ್ಲು ಇಳಿಯುತ್ತದೆಂದು ತಿಳಿದಿದ್ದ, ಇಳಿಯಲಿಲ್ಲ. ಯಾಕೆಂದರೆ ಸಮರ್ಥ ಕೇಳಿಸಿಕೊಳ್ಳುತ್ತಿರಲಿಲ್ಲ, ಗೇಟಿನ ಕಡೆ ನೋಡುತ್ತಿದ್ದ. ಹನಮಂತರಾಯನನ್ನು ವಾಪಸು ಕರೆಸಿರಿ ಸರ್, ತಪ್ಪು ನನ್ನದು ಎಂದು ಮಾಣಿಕಪ್ಪ, ಎಡಗೈ ಏಳದೆ, ಬಲಗೈಯೊಂದನ್ನೇ ಎದೆಗೆ ತಂದು ಬೇಡಿಕೊಂಡ.

"ಅವರನ್ನ ನಾವು ಕೇಳದ ಕಳಿಸಿಲ್ಲ," ಎಂದ ಸಮರ್ಥ. "ಭುಜ ನನ್ನದ ಅಂತ ಅವರೇ ಸಹಿ ಮಾಡಿ ಕೊಟ್ಟು ಹೋಗ್ಯಾರ. ಆ ಕಾಗದ ಫೈಲಿನಾಗ ಅದ. ಈಗ ನೀವು ಹಿಂಗಂದ್ರ ಯಾರು ಕೇಳ್ತಾರ, ಹೇಳ್ರಿ?"

ಆಮೇಲೆ ಸ್ವಲ್ಪ ಮೆತ್ತಗಾಗಿ, ಐದು ಯಂತ್ರಕ್ಕೆ ಒಪ್ಪಿಗೆ ಸಿಕ್ಕಿದೆ, ಎಲ್ಲಕ್ಕೂ ಇದೇ ರೆಕಾರ್ಡಿಂಗು ಹೋಗುತ್ತದೆ, ಅದು ಯಾರದಾದರೂ ಕೆಲಸ ಚೆನ್ನಾಗಿದೆಯಲ್ಲ ಎಂದ. ನನ್ನ ಕೈಯಲ್ಲೂ ಏನಿಲ್ಲ ಮಾಣಿಕಪ್ಪನವರೇ ಎಂದು ಮೊಬೈಲು ತೆಗೆದುಕೊಂಡು ಹೊರಟುಹೋದ. ಮಾಣಿಕಪ್ಪನಿಗೆ ಅವನ ಬೆನ್ನಿಗೆ ಏನಾದರೂ ಎಸೆಯಬೇಕೆನ್ನಿಸಿತು. ಜೀವಮಾನದಲ್ಲಿ ಒಂದು ಸಲ ಧೈರ್ಯ ಮಾಡಿ ನಿಜ ಹೇಳಿದ್ದ, ಅದು ಯಾರಿಗೂ ಬೇಕಾಗಿರಲಿಲ್ಲ.

ಹೊಲಸು ನೀರಿನ ತೊಟ್ಟಿಯ ಹಿಂದೆ, ನಾಲ್ಕು ಜನ ಬೀಡಿ ಸೇದಲು ಹೋಗುವ ಜಾಗದಲ್ಲಿ ನಿಂತು ಹನಮಂತರಾಯನಿಗೆ ಫೋನು ಹಚ್ಚಿದ. ಹತ್ತು ದಿನದಿಂದ ಹಚ್ಚಬೇಕೆಂದುಕೊಂಡು ಹಚ್ಚದೇ ಬಿಟ್ಟದ್ದು. ಆ ಕಡೆ ಕಲಸುವ ಮಷಿನ್ನಿನ ಗದ್ದಲವಿತ್ತು. ತೆಲ್ಲಾಪುರದ ಕಡೆ ಕಟ್ಟಡ ಕೆಲಸಕ್ಕೆ ಸೇರಿದ್ದೇನೆ ಎಂದು ಅವನು ಕೂಗಿ ಹೇಳಿದ. ಮಾಣಿಕಪ್ಪ ಹೇಗೆ ಶುರುಮಾಡಬೇಕೆಂದು ತಿಳಿಯದೆ ನೇರವಾಗಿ ಹೇಳಿಬಿಟ್ಟ.

"ಅಣ್ಣಾ, ಆ ಭುಜ ನಿಂದಂತ ಹೇಳಿದಾಂವ ನಾನ."

"ಗೊತ್ತೈತಿ. ಮತ್ಯಾರು ಹೇಳತಾರ?"

ಹಾಗಾದರೆ ಅಲ್ಲ ಎಂದು ಯಾಕೆ ಹೇಳಲಿಲ್ಲ, ಸಹಿ ಯಾಕೆ ಹಾಕಿದೆ ಎಂದು ಮಾಣಿಕಪ್ಪ ಕೇಳಿದ. ಕೇಳುವಾಗ ದನಿ ತಾನಾಗಿ ಏರಿತು, ತಪ್ಪು ಮಾಡಿದವನು ಹನಮಂತರಾಯನೇ ಅನ್ನುವ ಹಾಗೆ. ಆ ಕಡೆ ಗದ್ದಲ ಸ್ವಲ್ಪ ಕಡಿಮೆಯಾಯಿತು. ದೂರ ನಡೆದು ಬಂದು ನಿಂತಿರಬೇಕು.

"ಅಲ್ಲ ಅಂದಿದ್ರ ಇಬ್ಬರನ್ನೂ ನಿಲ್ಲಿಸಿ ಕೈ ಎತ್ತ್ರಿ ಅಂತಿದ್ರು. ನೀನೂ ಹೊರಗ ಬೀಳತಿದ್ದಿ. ನನ್ನ ಹೆಂಗೂ ತಗೀತಿದ್ರು, ವಯಸ್ಸಾತು. ಒಬ್ಬನರ ಇರಲಿ ಅಂತ ಸಹಿ ಮಾಡೀನಿ. ಸಿಟ್ಟ ಬಂದಿಲ್ಲಂತ ತಿಳಕೋಬ್ಯಾಡ, ಭಾಳ ಬಂದೈತಿ. ನಿನ್ನ ಮಾರಿ ನೋಡಬಾರದಂತನ ಹಿಂದಿನ ಗೇಟಿನಿಂದ ಹೋದೆ."

ಮಾಣಿಕಪ್ಪ ಬೈ ಅಣ್ಣಾ, ಚೆನ್ನಾಗಿ ಬೈ ಎಂದ. ಬೈಯಲು ಪುರುಸೊತ್ತಿಲ್ಲ, ಮಿಸ್ತ್ರಿ ಕರೆಯುತ್ತಿದ್ದಾನೆ ಎಂದ ಹನಮಂತರಾಯ. ಹೇಳಿಬಿಟ್ಟೆ, ಈಗಷ್ಟೇ ಸಮರ್ಥ ಸಾಹೇಬರ ಮುಂದೆ ಎಲ್ಲ ಹೇಳಿಬಿಟ್ಟೆ, ಇನ್ನೂ ಮೇಲಿನವರಿಗೂ ಹೇಳುತ್ತೇನೆ ಎಂದು ಮಾಣಿಕಪ್ಪ ಅವಸರವಸರವಾಗಿ ಅಂದ.

"ಏನೂ ಹೇಳಬ್ಯಾಡ. ನೀ ಖರೇ ಹೇಳಿದ್ರ ನಾ ಸುಳ್ಳ ಸಹಿ ಮಾಡಿದಾಂವ ಆಗತೀನಿ. ಇದೊಂದರ ನನಗ ಬಿಡು. ಸುಮ್ನ ಇರು."

ಫೋನು ಇಟ್ಟ. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಮಾಣಿಕಪ್ಪ ತೊಟ್ಟಿಯ ಗೋಡೆಗೆ ಬೆನ್ನು ಕೊಟ್ಟು ಕೂತ. ಅಳು ಬಂದರೆ ಒಳ್ಳೆಯದಿತ್ತು. ಬಂದದ್ದು ಸಿಟ್ಟು, ಅದೇ ಎರಡು ವರ್ಷದ ಹಳೆಯ ಸಿಟ್ಟು. ಹೋದವನು ಇದನ್ನೂ ತಾನೇ ಎತ್ತಿಕೊಂಡು ಹೋಗಿದ್ದ, ಇವನಿಗೆ ತಪ್ಪೊಪ್ಪಿಕೊಳ್ಳಲು ಕೂಡ ಏನನ್ನೂ ಬಿಟ್ಟಿರಲಿಲ್ಲ.

ದಿನೇಶ ಅವನನ್ನು ಹುಡುಕುತ್ತ ಅಲ್ಲಿಗೇ ಬಂದ, ಕೈಯಲ್ಲಿ ಕಾಗದ. ದೊಡ್ಡವರು ಖುಷಿಯಾಗಿದ್ದಾರೆ, ಖಾಯಂ ಪಟ್ಟಿಗೆ ಇವತ್ತೇ ಕಳಿಸಬೇಕಂತೆ, ಏಳು ಬೇಗ ಎಂದ. ದೇಹದಲ್ಲಿ ಏನಾದರೂ ನೋವು, ಗಾಯ, ಊನ ಇದೆಯೇ ಎಂಬಲ್ಲಿ ಇಲ್ಲ ಎಂದು ತಾನೇ ತುಂಬಿಸಿಟ್ಟಿದ್ದ, ಡಾಕ್ಟರ ಮೊಹರು ಆಮೇಲೆ ಒತ್ತಿಸಿಕೊಳ್ಳುತ್ತೇನೆ ಎಂದ. ಮಾಣಿಕಪ್ಪ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಹೊಸ ಯಂತ್ರಗಳಿಗೆ ಕೆಲಸ ಕಲಿಸಿದವರ ಹೆಸರು ಬರೆಯುವ ಜಾಗವೂ ಅದರಲ್ಲಿತ್ತು, ಅಲ್ಲಿ ಒಂದೇ ಹೆಸರಿತ್ತು. ದಿನೇಶ ಪೆನ್ನು ಮುಂದೆ ಮಾಡಿ ನಿಂತೇ ಇದ್ದ. ಮಾಣಿಕಪ್ಪ ಸಹಿ ಮಾಡಿದ. ಮುಂದಿನ ತಿಂಗಳಿನಿಂದ ನಿನ್ನ ಕೈಕೆಳಗೆ ಆರು ಯಂತ್ರ ಇರುತ್ತವೆ, ಚೆನ್ನಾಗಿ ನೋಡಿಕೋ ಎಂದು ದಿನೇಶ ಕಾಗದ ಮಡಚಿದ. ಆರೂ ಹನಮಂತರಾಯನ ಹಾಗೆ ಕಾಲು ಅಗಲಿಸಿ ನಿಂತು ಮೇಲಿನ ಹಲಗೆಗೆ ಕೈ ಹಾಕುತ್ತವೆ, ಮತ್ತು ಬಂದವರೆಲ್ಲ ಮಾಣಿಕಪ್ಪನ ಬೆನ್ನು ತಟ್ಟುತ್ತಾರೆ.